ಉಳಿದ ಐದು ಕಾಳು

ಬಾದಾಮಿಯಲ್ಲಿದ್ದ ನನ್ನ ತವರುಮನೆಯನ್ನು ಕೊಂಡವಳು ಮೈಸೂರು ಕಡೆಯ ಒಬ್ಬ ಟೀಚರು. ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮನೆಯ ಜೊತೆಗೆ ಅವಳು ನನ್ನ ಗೆಳತಿಯನ್ನೂ ತೆಗೆದುಕೊಂಡಳು.

ಗೆಳತಿ ಎಂದರೆ ಎದುರುಮನೆಯವಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಗಸ್ತ್ಯ ಹೊಂಡದಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಈಜು ಕಲಿತವರು. ನನ್ನನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟರು. ಅವಳು ಸೋದರಮಾವನ ಮಗನನ್ನೇ ಮದುವೆಯಾಗಿ ಅದೇ ಓಣಿಯಲ್ಲಿ ಉಳಿದಳು. ಅವ್ವ ತೀರಿಕೊಂಡ ಮೇಲೆ ಅಣ್ಣ ಮನೆ ಮಾರಿ ಹುಬ್ಬಳ್ಳಿಗೆ ಹೋದ. ಅಲ್ಲಿಂದ ಮುಂದೆ ಬಾದಾಮಿಯಲ್ಲಿ ನನ್ನದು ಅಂತ ಉಳಿದದ್ದು ಅವಳೊಬ್ಬಳೇ.

ಪ್ರತಿ ಭಾನುವಾರ ಫೋನು ಮಾಡುತ್ತೇನೆ. ಮೊದಲೆಲ್ಲ ನಮ್ಮ ಮಾತಿನಲ್ಲಿ ಬರುತ್ತಿದ್ದವರು ನಮ್ಮ ಗಂಡಂದಿರು, ಮಕ್ಕಳು, ಸತ್ತ ಮೇಷ್ಟ್ರುಗಳು. ಈಗ ಎರಡು ವರ್ಷದಿಂದ ಬರೀ ಟೀಚರು. "ಟೀಚರು ಹಂಗಂದ್ರು, ಟೀಚರು ಹಿಂಗ ಮಾಡಿದ್ರು." ನಾನು ಮಗ್ಗದ ಮುಂದೆ ಕೂತು, ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತ ಕೇಳುತ್ತಿರುತ್ತೇನೆ. ತಾಸುಗಟ್ಟಲೆ ಆ ಕೆಲಸ ಮಾಡುವಷ್ಟು ತಾಳ್ಮೆ ನನಗಿದೆ. ಆದರೆ "ಟೀಚರು" ಎಂಬ ಮಾತು ಕಿವಿಗೆ ಬಿದ್ದೊಡನೆ ಬೆರಳಿನಲ್ಲಿ ಎಳೆ ಪಟ್ಟನೆ ಹರಿಯುತ್ತಿತ್ತು.

ಹೋದ ಕಾರ್ತಿಕದಲ್ಲಿ ಗೆಳತಿಯದೇ ಫೋನು ಬಂತು. ಓಣಿಯ ಹೆಂಗಸರೆಲ್ಲ ಸೇರಿ ಟ್ರೆಜರ್ ಹಂಟ್ ಆಡುತ್ತಾರಂತೆ. ಇಬ್ಬಿಬ್ಬರ ಜೋಡಿ. ಒಂದೊಂದು ಜೋಡಿಗೆ ನಾಲ್ಕು ಚೀಟಿ, ಒಂದು ನಿಧಿ. ಚೀಟಿಯಲ್ಲಿ ಬರೆದ ಜಾಗವನ್ನು ಊರೆಲ್ಲ ನಡೆದು ಹುಡುಕಬೇಕು, ಅಲ್ಲಿ ಮುಂದಿನ ಚೀಟಿ ಇರುತ್ತದೆ.

"ಯಾರ ತಲ್ಯಾಗ ಬಂತು ಇದು?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಟೀಚರದು. ಆದ್ರ ಚೀಟಿ ಬರದಾಕಿ ನಾನು. ನೀ ಬರಾಕ ಬೇಕು ನೋಡು."

ಇಳಕಲ್ಲಿನಿಂದ ಕಮತಗಿಗೆ ಒಂದು ಬಸ್ಸು, ಅಲ್ಲಿಂದ ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿಗೆ ಇನ್ನೊಂದು. ದಾರಿಯುದ್ದಕ್ಕೂ ನನ್ನದು ಒಂದೇ ಯೋಚನೆ: ಅವಳು ಆಡುವುದಿಲ್ಲ, ಹಾಗಾದರೆ ನನ್ನ ಜೋಡಿ ಯಾರು? ಹೊಂಡದ ಮೆಟ್ಟಿಲ ಮೇಲೆ ಎಲ್ಲರೂ ಸೇರಿದಾಗ ಗೊತ್ತಾಯಿತು.

"ನೀವಿಬ್ಬರು," ಎಂದು ಗೆಳತಿ ನನ್ನನ್ನೂ ಟೀಚರನ್ನೂ ಮುಂದೆ ನೂಕಿದಳು. "ಒಬ್ಬಾಕಿ ಹಳಬಳು, ಒಬ್ಬಾಕಿ ಹೊಸಬಳು. ಜಗಳಾಡದಂಗ ಹೋಗಿ ಬರ್ರಿ."

ಟೀಚರು ನಕ್ಕಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಹತ್ತಿಯ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಅವಳಲ್ಲಿ ತಪ್ಪು ಹುಡುಕಲು ಮೇಲಿಂದ ಕೆಳಗೆ ನೋಡಿದೆ. ಸಿಗಲಿಲ್ಲ. ಅದಕ್ಕೇ ಮತ್ತಷ್ಟು ಸಿಟ್ಟು ಬಂತು.

ಮೊದಲ ಚೀಟಿ ಬಿಚ್ಚಿದೆ. 'ಒಂದು ಸಲ ಒಗೆದರೆ ಎರಡು ಸಲ ಕೇಳುವ ಜಾಗ.' ನನ್ನ ಮುಖ ಅರಳಿತು. ಗುಡ್ಡಗಳ ನಡುವಿನ ಹೊಂಡ ಅದು. ಒಂದು ಮೂಲೆಯಲ್ಲಿ ಬಟ್ಟೆ ಒಗೆದರೆ ಕೆಂಪು ಬಂಡೆಗೆ ಬಡಿದು ಸಪ್ಪಳ ತಿರುಗಿ ಬರುತ್ತದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಟೀಚರು ಹೇಳಿದಳು.

"ಆ ಕಡೆ ಮೂಲೆ ಅಲ್ವಾ? ನೀವು ಹೆಡ್ ಮೇಷ್ಟ್ರ ಅಡ್ಡಹೆಸರು ಕೂಗಿ, ಅದು ವಾಪಸ್ ಬಂದು ಅವರಿಗೇ ಕೇಳಿಸಿ, ಸಿಕ್ಕಿಹಾಕಿಕೊಂಡಿದ್ದು?"

ನಾನು ಅವಳನ್ನೇ ನೋಡಿದೆ. ಆ ಸಂಗತಿ ನನ್ನ ಗಂಡನಿಗೂ ಗೊತ್ತಿಲ್ಲ.

ಎರಡನೆಯ ಚೀಟಿ 'ಮಂಗ ಸಾಲಿ ಕಲಿತ ಜಾಗ' ಎಂದಿತ್ತು. ಉತ್ತರದ ಕೋಟೆಗೆ ಹತ್ತುವ ಸೀಳುದಾರಿ, ಎರಡೂ ಬದಿ ಮುಗಿಲಿನವರೆಗೆ ಬಂಡೆ. ಅಲ್ಲಿ ಮಂಗವೊಂದು ನನ್ನ ಚೀಲ ಕಸಿದು, ಮೇಲೆ ಕೂತು, ಲೆಕ್ಕದ ಪಟ್ಟಿಯ ಹಾಳೆಗಳನ್ನು ಒಂದೊಂದಾಗಿ ಹರಿದು ನೋಡಿತ್ತು. ಇದನ್ನೂ ಟೀಚರು ಬಲ್ಲಳು. ಏದುಸಿರು ಬಿಡುತ್ತ ಹತ್ತಿ, "ನಿಮಗೆ ಲೆಕ್ಕದಲ್ಲಿ ಎಷ್ಟು ಬಂದಿತ್ತು ಅಂತ ಮಾತ್ರ ಅವರು ಹೇಳಲಿಲ್ಲ," ಎಂದು ನೀರಿನ ಬಾಟಲಿ ನನ್ನ ಕಡೆ ಚಾಚಿದಳು. ಬಾಯಾರಿತ್ತು. ಬೇಡ ಅಂದೆ.

ಮೂರನೆಯದಕ್ಕೆ ಕೆಳಗಿಳಿದು ಓಣಿಯೊಳಗೆ ಬಂದೆವು. ನಮ್ಮೂರಿನಲ್ಲಿ ಗುಡಿಯ ಕಲ್ಲು ಯಾವುದು, ಮನೆಯ ಕಲ್ಲು ಯಾವುದು ಎಂದು ಗೆರೆ ಎಳೆಯಲು ಬರುವುದಿಲ್ಲ. ಒಂದು ಮನೆಯ ಹೊರಗೋಡೆಯಲ್ಲಿ, ಸುಣ್ಣದ ನಡುವೆ, ಮೂಗು ಮುರಿದ ಒಬ್ಬ ಕಲ್ಲಿನ ಹೆಂಗಸು ನಿಂತಿದ್ದಾಳೆ. ಶಾಲೆಗೆ ಹೋಗುವಾಗ ನಾವು, ಮೈಮೇಲೆ ಸೆರಗಿಲ್ಲದಿದ್ದರೂ ಸೆರಗು ಹೊದ್ದವರಂತೆ ಮಾಡಿ, ಅವಳಿಗೆ ಬಗ್ಗಿ ನಮಸ್ಕರಿಸುತ್ತಿದ್ದೆವು. ಮುಂದೆ ಅತ್ತೆಮನೆಯಲ್ಲಿ ಬೇಕಾಗುತ್ತದೆ ಎಂದು ಅಭ್ಯಾಸ.

"ನಮಸ್ಕಾರ ಅತ್ತೆ," ಎಂದಳು ಟೀಚರು, ಆ ಕಲ್ಲಿಗೆ ಬಗ್ಗಿ.

ಅದು ಯಾವ ಶತಮಾನದ ಕೆತ್ತನೆ ಎಂದು ಅವಳು ವಿವರಿಸುತ್ತಿದ್ದಳು, ನನಗೆ ಕೇಳುತ್ತಿರಲಿಲ್ಲ. ನನ್ನ ಮನೆಯಲ್ಲಿ ಇರುತ್ತಾಳೆ, ಇರಲಿ. ನನ್ನ ಗೆಳತಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾಳೆ, ಕುಡಿಯಲಿ. ಆದರೆ ನನ್ನ ಬಾಲ್ಯವನ್ನು ನನಗೇ ತೋರಿಸುತ್ತ ನಡೆಯಲು ಇವಳು ಯಾರು? ಎಲ್ಲಕ್ಕಿಂತ ಹೆಚ್ಚು ಗೆಳತಿಯ ಮೇಲೆ ಉರಿಯಿತು. ನಲವತ್ತು ವರ್ಷ ಜೋಪಾನ ಮಾಡಿದ್ದನ್ನು ಎರಡೇ ವರ್ಷದಲ್ಲಿ ಹೀಗೆ ಹಂಚಿಬಿಟ್ಟಳಲ್ಲ!

ನಾಲ್ಕನೆಯ ಚೀಟಿ ಕಲ್ಲಿನ ಹೆಂಗಸಿನ ಪಾದದ ಹತ್ತಿರ ಸಿಕ್ಕಿತು. 'ನಮ್ಮ ರಿಬ್ಬನ್ ಒಣಗಿದ ಜಾಗ.'

ಟೀಚರು ಎರಡು ಸಲ ಓದಿದಳು. ಹುಬ್ಬು ಗಂಟು ಹಾಕಿದಳು. "ಇದು ನನಗೆ ಗೊತ್ತಿಲ್ಲವಲ್ಲ."

ಆಹಾ, ಆ ಮಾತು! ಕರದಂಟು ಬಾಯಲ್ಲಿಟ್ಟಷ್ಟು ಸಿಹಿಯಾಯಿತು. "ನಿಮಗ ಹೆಂಗ ಗೊತ್ತಿರತೈತ್ರಿ?" ಎಂದು ಮುಂದೆ ನಡೆದೆ. ಹೊಂಡದ ದಂಡೆಯಲ್ಲಿ ಬೇವಿನ ಗಿಡದ ಬುಡಕ್ಕೆ ದೇವಿಯದೊಂದು ಸಣ್ಣ ಕಟ್ಟೆಯಿದೆ. ಈಜಾಡಿ ಬಂದು, ಮನೆಯಲ್ಲಿ ಗೊತ್ತಾಗಬಾರದೆಂದು, ದೇವಿಯ ಪಕ್ಕದ ಮಾಡದಲ್ಲಿ, ದೀಪ ಇಡುವ ಗೂಡಿನಲ್ಲಿ, ರಿಬ್ಬನ್ ಒಣಹಾಕುತ್ತಿದ್ದೆವು. ಈಗ ಮಂಗಗಳ ಕಾಟಕ್ಕೆ ಅದಕ್ಕೊಂದು ತಂತಿಯ ಬಾಗಿಲು ಮಾಡಿಸಿದ್ದಾರೆ.

ಬಾಗಿಲು ತೆಗೆದೆ. ಒಳಗೆ ಹಸಿರು ಕುಪ್ಪಸದ ಖಣದಲ್ಲಿ ಕಟ್ಟಿದ ಒಂದು ಗಂಟು. ಸಂದಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು ಕಾಣುತ್ತಿದ್ದವು. ಬೇರೆ ಏನೂ ಇರಲಿಲ್ಲ.

"ಇದೇ ಇರಬೇಕು!" ಎಂದು ಟೀಚರು ಕೈ ಹಾಕಿದಳು.

"ಮುಟ್ಟಬ್ಯಾಡ್ರಿ!" ನನ್ನ ದನಿ ಬಂಡೆಗೆ ಬಡಿದು ತಿರುಗಿ ಬಂತು. "ಅದು ದೇವಿಗೆ ಯಾರೋ ತುಂಬಿದ ಉಡಿ. ನಿಮ್ಮ ಕಡೆ ಹೆಂಗೋ ಏನೋ, ನಮ್ಮಲ್ಲಿ ದೇವರ ಉಡಿಗೆ ಕೈ ಹಚ್ಚಂಗಿಲ್ಲ."

ಅವಳ ಮುಖ ಸಣ್ಣದಾಯಿತು. "ಕ್ಷಮಿಸಿ, ಮಡಿಲಕ್ಕಿ ಅಂತ ಗೊತ್ತಾಗಲಿಲ್ಲ," ಎಂದು ಹಿಂದೆ ಸರಿದಳು. ಕೊನೆಗೂ ಅವಳಿಗೆ ಗೊತ್ತಿಲ್ಲದ್ದು ಎರಡಾಯಿತು. ನಾನು ಆ ಖುಷಿಯಲ್ಲಿ ಗಂಟನ್ನು ದೇವಿಯ ಪಾದದ ಮೇಲಿಟ್ಟು, ಅರಿಶಿನ ಕುಂಕುಮ ಏರಿಸಿ, ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಅವಳ ಕೈಯಿಂದಲೂ ಮಾಡಿಸಿದೆ.

ಗೆಳತಿ ಮೆಟ್ಟಿಲ ಮೇಲೆ ಚುರುಮುರಿ ಕಲಸುತ್ತ ಕೂತಿದ್ದಳು. "ಸಿಕ್ತೇನು?"

"ಎಲ್ಲಿ ಸಿಗ್ತೈತಿ? ಯಾರೋ ನಿನ್ನ ನಿಧಿ ಹೊಡದಾರ. ಯಾವಾಕಿನೋ ಬಂದು ದೇವಿಗೆ ಉಡಿ ಇಟ್ಟು ಹೋಗ್ಯಾಳ."

ಅವಳ ಕೈ ಬೋಗುಣಿಯಲ್ಲೇ ನಿಂತಿತು. "ಹಸರು ಖಣದಾಗ ಕಟ್ಟಿದ್ದೇನು?"

"ಹೌದು."

"ಏನ್ ಮಾಡ್ದಿ ಅದನ್ನ?"

"ಪಾದದ ಮ್ಯಾಲೆ ಇಟ್ಟು, ಕುಂಕುಮ ಏರಿಸಿ, ಕೈ ಮುಗದು ಬಂದ್ನಿ. ಮತ್ತೇನ್ ಮಾಡಬೇಕಿತ್ತು?"

ಅವಳು ನಗಲು ಹೋದಳು. ನಗು ಬರಲಿಲ್ಲ. "ಹುಚ್ಚೀ, ಅದು ನಿನ್ನ ಉಡಿ. ನಿಮ್ಮವ್ವ ಹ್ವಾದ ಮ್ಯಾಲೆ ಈ ಊರಾಗ ನಿನಗ ಯಾರ್ ಉಡಿ ತುಂಬ್ಯಾರ? ಎದುರಿಗೆ ನಿಂತು ತುಂಬಿದ್ರ ಅತ್ತು ರಾಡಿ ಮಾಡ್ತಿ ಅಂತ ಆಟದಾಗ ಇಟ್ಟಿದ್ನಿ. ಉಳದ ಮೂರು ಜಾಗಾ ಟೀಚರಿಗೆ ಹೇಳೇನಿ. ಅದೊಂದು ಹೇಳಿಲ್ಲ."

ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನಗೆಂದೇ ಕಟ್ಟಿದ ಗಂಟನ್ನು ಕಣ್ಣಾರೆ ಕಂಡೂ ನನಗೆ ಗುರುತು ಸಿಗಲಿಲ್ಲ. ಪಕ್ಕದವಳನ್ನು ಸೋಲಿಸುವುದರಲ್ಲೇ ನನ್ನ ಕಣ್ಣು ಇತ್ತು. ಇನ್ನು ವಾಪಸ್ ತರುವ ಹಾಗೂ ಇಲ್ಲ. ಏರಿಸಿದ ಮೇಲೆ ಅದು ದೇವಿಯದು.

ಟೀಚರು ಮೆಲ್ಲಗೆ, "ನಮ್ಮನೆಗೆ ಬನ್ನಿ," ಎಂದಳು.

ನಮ್ಮನೆ! ಆ ಮಾತು ಚುಚ್ಚಿತು. ಹೋದೆ ಮಾತ್ರ, ಗೆಳತಿಯೂ ಜೊತೆಗೆ ಬಂದಳು. ಅವ್ವ ತೀರಿದ ಮೇಲೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಗೋಡೆಗೆ ತಿಳಿ ಹಳದಿ ಬಣ್ಣ ಬಂದಿತ್ತು. ಅವ್ವ ದೀಪ ಇಡುತ್ತಿದ್ದ ಮಾಡದಲ್ಲಿ ದೀಪವೇ ಇತ್ತು. ಫೋನಿನ ಚಾರ್ಜರೋ ಪ್ಲಾಸ್ಟಿಕ್ ಹೂವೋ ಇದ್ದಿದ್ದರೆ ಮನಸ್ಸಿಗೆ ಎಷ್ಟು ಹಗುರಾಗುತ್ತಿತ್ತು! ಟೀಚರು ಮೊರದಲ್ಲಿ ಅಕ್ಕಿ, ಉತ್ತತ್ತಿ, ಎಲೆ ಅಡಿಕೆ, ಬೆಲ್ಲದ ಚೂರು ತಂದಿಟ್ಟಳು. ನಾನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗು ಒಡ್ಡಿದೆ. ಐದು ಬೊಗಸೆ ಹಾಕಿದಳು. ಒಂದೂ ತಪ್ಪಲಿಲ್ಲ. ಅತ್ತು ರಾಡಿ ಮಾಡುತ್ತೇನೆ ಎಂದಿದ್ದಳಲ್ಲ ಗೆಳತಿ, ಆ ಮಾತು ಮಾತ್ರ ಖರೆಯಾಯಿತು.

ನಮ್ಮಲ್ಲಿ ಒಂದು ರೀತಿ ಇದೆ. ಉಡಿ ತುಂಬಿಸಿಕೊಂಡವಳು ಏಳುವ ಮೊದಲು ಸೆರಗಿನಿಂದ ಐದು ಕಾಳು ಅಕ್ಕಿ ತೆಗೆದು ಮತ್ತೆ ಮೊರಕ್ಕೆ ಹಾಕಬೇಕು. ತವರು ತಣ್ಣಗಿರಲಿ ಎಂಬ ಹಾರೈಕೆ ಅದು. ಪ್ರತಿ ಸಲ ಅವ್ವ ನೆನಪಿಸುತ್ತಿದ್ದಳು. ಟೀಚರಿಗೆ ಅದು ಗೊತ್ತಿರಲಿಲ್ಲ. ಗೆಳತಿ ಚಹಾ ಸೋಸಲು ಒಳಗೆ ಹೋಗಿದ್ದಳು. ನಾನು ಸೆರಗು ಬಿಗಿದು ಕಟ್ಟಿ ಎದ್ದುಬಿಟ್ಟೆ.

ಕಮತಗಿಯಲ್ಲಿ ಇಳಿದು ಹುನಗುಂದದ ಕಡೆಯ ಬಸ್ಸು ಕಾಯುವಾಗ, ಆ ಗಂಟು ಹೊಟ್ಟೆಗೆ ಒತ್ತುತ್ತಿತ್ತು. ಮರೆತೆ ಎಂದರೆ ಸುಳ್ಳು. ಬೇರೆಯವಳ ಮನೆಗೆ ನಾನೇಕೆ ಹರಸಲಿ ಎಂದೇ ಹಾಕದೆ ಬಂದಿದ್ದೆ. ಅದು ನನ್ನ ಅವ್ವನ ಹೊಸ್ತಿಲು ಕೂಡ ಎಂಬುದು ಅಲ್ಲಿ ನಿಂತಾಗ ಹೊಳೆಯಿತು.

ಗೆಳತಿಗೆ ಫೋನು ಹಚ್ಚಿದೆ. "ಟೀಚರಿಗೆ ಹೇಳು. ಅವರ ಮನಿ ಐದು ಕಾಳು ನನ್ನ ಕಡೆ ಉಳದಾವು."

"ಬೇಕಂತ ಇಟಗೊಂಡು ಹ್ವಾದಿ ಏನು?"

"ಹೂಂ."

"ಹಂಗಾದ್ರ ನೀನ ಬಂದು ಹಾಕು."