ಮೂವತ್ತೊಂದು ಜನ ಕೇಳಿದ ಮಾತು

ನಮ್ಮ ವಸ್ತುಸಂಗ್ರಹಾಲಯದ ಜವಾನನಿಗೆ ನಾವಿಟ್ಟ ಅಡ್ಡಹೆಸರು ‘ಎರಡು ಗುಂಡಿ’. ಪ್ರತಿ ಬುಧವಾರ ಊಟದ ಬಿಡುವಿನಲ್ಲಿ ಮಹಡಿಯ ಮೇಲೆ ಸಾರ್ವಜನಿಕರಿಗೆ ಉಪನ್ಯಾಸ ನಡೆಯುತ್ತಿತ್ತು. ಕೋಟೆಯ ಬಾಗಿಲು, ಹಳೆಯ ನಾಣ್ಯ, ಸುತ್ತಲ ಸೀಮೆಯ ಹಾಡು, ನಾಟಕ, ಹೀಗೆ ಏನಾದರೊಂದು. ಕುರ್ಚಿ ಹಾಕುವುದು, ತಲೆ ಎಣಿಸುವುದು, ಭಾಷಣವನ್ನು ಕ್ಯಾಸೆಟ್ಟಿಗೆ ಇಳಿಸುವುದು ಅವನ ಕೆಲಸ. ಯಂತ್ರದ ಹತ್ತಿರ ಯಾರು ಸುಳಿದರೂ ಪಾಠ ಶುರುವಾಗುತ್ತಿತ್ತು. “ಒಂದೇ ಗುಂಡಿ ಒತ್ತಿದ್ರೆ ಟೇಪು ಸುಮ್ನೆ ತಿರುಗುತ್ತೆ ಸ್ವಾಮಿ. ಕೆಂಪುದನ್ನೂ ಜೊತೆಗೆ ಒತ್ಬೇಕು, ಆಗ್ಲೇ ಮಾತು ಕೂರೋದು.”

ನಾನು ಕೆಳಗಿನ ಟಿಕೆಟ್ ಕೌಂಟರಿನವನು. ಉಪನ್ಯಾಸ ತಪ್ಪಿಸುತ್ತಿರಲಿಲ್ಲ. ಜ್ಞಾನದ ಹಸಿವೇನಲ್ಲ, ಅಲ್ಲಿನ ಫ್ಯಾನು ಚೆನ್ನಾಗಿತ್ತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹಿಂದಿನ ಸಾಲಿನಲ್ಲಿ ಕೂತರೆ ಚಪ್ಪಾಳೆಗೇ ಎಚ್ಚರವಾಗುವುದು.

ಒಂದು ಬುಧವಾರ ಭಾಷಣಕಾರರ ಕಾರು ದಾರಿಯಲ್ಲಿ ಕೆಟ್ಟು ನಿಂತಿತು. ಜನ ಬಂದು ಕೂತಿದ್ದರು. ಅಷ್ಟರಲ್ಲಿ ಜವಾನನ ಹೆಂಡತಿ ಗಂಡನಿಗೆ ಬುತ್ತಿ ತಂದಳು. ಆಕೆ ನಾಟಕ ಕಂಪನಿಯೊಂದಕ್ಕೆ ಹದಿನೆಂಟು ವರ್ಷ ಉಡುಪು ಹೊಲಿದವಳು. ಸಂಗ್ರಹಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಅವಳ ಕೈಯನ್ನೇ ಹಿಡಿದುಕೊಂಡರು. “ಅರ್ಧ ಗಂಟೆ ಮಾತಾಡಮ್ಮ, ಮಾನ ಉಳಿಸು.”

ಜವಾನ ಗುಂಡಿ ಒತ್ತಿದ್ದೇ ಜನರ ಕಡೆ ತಿರುಗಿ ನಿಂತದ್ದನ್ನು ನಾನೇ ಕಂಡೆ. ಅವಳು ಸೆರಗು ಸರಿಮಾಡಿಕೊಂಡು, “ರಾಜನ ಅಂಗಿಗೆ ನಾನು ಹರಿದ ಪರದೆ ಹಾಕ್ತಿದ್ದೆ” ಎಂದಳು. ಸಭೆ ನಕ್ಕಿತು. ಆಮೇಲಿನದು ನನಗೆ ಗೊತ್ತಿಲ್ಲ.

ಮರುವರ್ಷ ಜ್ವರ ಅವಳನ್ನು ಕೊಂಡುಹೋಯಿತು. ಮಗಳಿಗೆ ಆಗ ಎರಡು ವರ್ಷ. ತಿಳುವಳಿಕೆ ಬಂದ ಮೇಲೆ ಆ ಹುಡುಗಿ ಕೇಳುತ್ತಲೇ ಇದ್ದಳು, ಅಮ್ಮನ ದನಿ ಹೇಗಿತ್ತು ಎಂದು. ಅಪ್ಪ ಮಹಡಿಯ ಮೇಲೆ ಕ್ಯಾಸೆಟ್ಟುಗಳಿದ್ದ ಕಪಾಟು ತೋರಿಸುತ್ತಿದ್ದ. “ಅಲ್ಲಿ ಭದ್ರವಾಗಿದೆ ಪುಟ್ಟಿ. ದಾಖಲೆ ಮನೆಗೆ ತರೋ ಹಾಗಿಲ್ಲ.” ಒಮ್ಮೆ ಇಲ್ಲೇ ಹಾಕಿ ಕೇಳಿಸೋ ಮಾರಾಯ ಎಂದು ನಾನು ಗದರಿದ್ದಕ್ಕೆ ಮುಖ ತಿರುಗಿಸಿದ. “ಕೇಳಿದ್ರೆ ನಾನು ಉಳಿಯಲ್ಲ ಸಾರ್.” ಆಮೇಲೆ ನಾನೂ ಕೇಳಲಿಲ್ಲ.

ಮಗಳಿಗೆ ಹದಿಮೂರು ತುಂಬಿದ ವರ್ಷ ಮೇಲಿನಿಂದ ಆದೇಶ ಬಂತು. ಉಪನ್ಯಾಸ ನಿಲ್ಲಿಸಿ, ಕಪಾಟು ಖಾಲಿ ಮಾಡಿ. ಕೊನೆಯ ಬುಧವಾರ ಬಂದವರು ನಾಲ್ಕೇ ಜನ. ಅವರೂ ಹೋದ ಮೇಲೆ ಅವನು ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕ್ಯಾಸೆಟ್ಟನ್ನು ಅಂಗಿಯಲ್ಲಿ ಒರೆಸಿ ಯಂತ್ರಕ್ಕೆ ಹಾಕಿದ. ನಾನು ಬಾಗಿಲಲ್ಲಿ ನಿಂತಿದ್ದೆ.

ಸೊಯ್ಯೆಂಬ ಸದ್ದು ಬಂತು. ಸ್ವಲ್ಪ ಮುಂದಕ್ಕೆ ಓಡಿಸಿದ. ಮತ್ತೆ ಅದೇ ಸದ್ದು. ತಿರುಗಿಸಿ ಹಾಕಿದ. ಆ ಬದಿಯೂ ಖಾಲಿ. ಸಾವಿರ ಜನರ ಮಾತನ್ನು ತಪ್ಪದೆ ಹಿಡಿದಿಟ್ಟ ಕೈ, ಹೆಂಡತಿ ಎದ್ದು ನಿಂತ ದಿನ ಕೆಂಪು ಗುಂಡಿಯನ್ನು ಮರೆತಿತ್ತು. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಹಾಗಂದವನು ಅಂದು ಅವನ ಮುಖ ನೋಡಬೇಕಿತ್ತು.

ಹುಡುಗಿ ಅಳಲಿಲ್ಲ. “ಹೋಗ್ಲಿ ಬಿಡಪ್ಪ. ಅಮ್ಮ ಏನ್ ಮಾತಾಡಿದ್ಲು, ನೀನೇ ಹೇಳು.”

ಅವನು ಕ್ಯಾಸೆಟ್ಟನ್ನು ಹೊರತೆಗೆದು ಮೇಜಿನ ಮೇಲಿಟ್ಟ. “ಯಾರಾದ್ರೂ ಆಡ್ಕೋತಾರೇನೋ ಅಂತ ನಾನು ಜನರ ಮುಖಾನೇ ನೋಡ್ತಿದ್ದೆ ಪುಟ್ಟಿ. ಮಾತು ಕಿವಿಗೆ ಬೀಳ್ಲೇ ಇಲ್ಲ. ಮೂವತ್ತೊಂದು ಜನ ಇದ್ರು. ಒಬ್ರೂ ಎದ್ದು ಹೋಗ್ಲಿಲ್ಲ.”

ಅವಳು ಕ್ಯಾಸೆಟ್ಟಿನ ಮೇಲಿನ ತಾರೀಖು ನೋಡಿ, ಹಳೆಯ ಹಾಜರಿ ಪುಸ್ತಕಗಳನ್ನು ತಡಕಾಡಿ ಆ ದಿನದ ಪುಟ ತೆಗೆದಳು. ಸಹಿಗಳ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಂತು, ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಎಷ್ಟೋ ವರ್ಷದ ಮೇಲೆ ಆ ಮುಖ ಅರಳಿತ್ತು.

“ಮಾಮ, ಇದು ನಿಮ್ಮ ಸಹಿ! ನೀವಿದ್ರಲ್ಲ? ನೀವು ಕೇಳಿದ್ರಲ್ಲ?”

ರಾಜನ ಅಂಗಿಗೆ ಹರಿದ ಪರದೆ ಹಾಕಿದ ಆ ಒಂದು ಮಾತನ್ನು ಹೇಳಿದೆ. ಅವಳು ನಕ್ಕಳು, ಮುಂದೆ ಸರಿದು ಕೂತಳು.

“ಆಮೇಲೆ?” ಎಂದಳು.