ನಕ್ಷತ್ರ ಆಮೆಯನ್ನು ನಾವು ಸಾಕಿದ ಬಗೆ

ಕಂಪ್ಲಿಯ ಕಡೆ ಬಾವಿಗೆ ಆಮೆ ಬಿಡುವುದು ಹಳೆಯ ರೂಢಿ. ಬಾವಿ ತೋಡಿ ನೀರು ಬಂದ ಮೇಲೆ ಹೊಳೆಯಿಂದಲೋ ಗದ್ದೆಯ ಕಾಲುವೆಯಿಂದಲೋ ಒಂದು ಆಮೆ ಹಿಡಿದು ತಂದು ಬಿಟ್ಟರೆ, ಅದು ಹುಳುಹುಪ್ಪಟೆಗಳನ್ನು ತಿಂದು ನೀರನ್ನು ತಿಳಿಯಾಗಿಡುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಚ್ಚುತ್ತಾ ಬದುಕಿನ ಬಹುಪಾಲನ್ನು ಕಳೆದವಳು. ಹೊಸಪೇಟೆಯ ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ವಾರವೇ ಹಿತ್ತಲಿನ ಸಿಮೆಂಟು ತೊಟ್ಟಿಯನ್ನು ಬಗ್ಗಿ ನೋಡಿ, ಅದರೊಳಗೆ ಕುಣಿಯುತ್ತಿದ್ದ ಸೊಳ್ಳೆಮರಿಗಳನ್ನು ಕಂಡು ಮುಖ ಸಿಂಡರಿಸಿದಳು.

"ಇಷ್ಟು ದೊಡ್ಡ ತೊಟ್ಟ್ಯಾಗ ಒಂದ್ ಆಮಿ ಇಲ್ಲೇನಲೇ? ಯಾವ ಸೀಮಿ ಊರು ಇದು!"

ಅಪ್ಪ ಅದಿರಿನ ಲಾರಿಗಳಿಗೆ ಮರದ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಬಡಗಿ. ವಾರಕ್ಕೊಮ್ಮೆಯಾದರೂ ರಿಪೇರಿಗೆಂದು ಸಂಡೂರಿಗೋ ಯಶವಂತನಗರಕ್ಕೋ ಹೋಗಿ, ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿ ಮರಳುತ್ತಿದ್ದ. ಅಂಥದೊಂದು ದಿನ ಅವನ ಊಟದ ಚೀಲದಲ್ಲಿ ಡಬ್ಬಿಯ ಪಕ್ಕ ಒಂದು ಆಮೆ ಇತ್ತು. ಸಂಡೂರಿನ ದಾರಿಯಲ್ಲಿ, ಚಹಾದಂಗಡಿಯ ಹಿಂದೆ ಯಾರೋ ಗೋಣಿಚೀಲದಲ್ಲಿ ತುಂಬಿಕೊಂಡು ಮಾರುತ್ತಿದ್ದರಂತೆ. ಅಂಗೈಯಗಲದ ಕಪ್ಪು ಚಿಪ್ಪು. ಅದರ ಒಂದೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹೊರಟಿದ್ದವು. ಆಗ ನಾನು ಆರನೆಯ ತರಗತಿ. ಅಷ್ಟು ಚೆಲುವಾದದ್ದು ನಮ್ಮ ಮನೆಗೆ ಅದುವರೆಗೆ ಬಂದಿರಲಿಲ್ಲ.

ಕೊಂಡದ್ದು ತಪ್ಪು. ಗುಡ್ಡದ ಜೀವವನ್ನು ಹಿಡಿದು ಗೋಣಿಚೀಲಕ್ಕೆ ತುಂಬಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಕೊಳ್ಳುವ ಕೈಗಳಿಲ್ಲದಿದ್ದರೆ ಆ ಚೀಲ ತುಂಬುವುದಿಲ್ಲ. ಇದನ್ನು ಇಂದು ನಾನು ಊರೂರಿಗೆ ಹೋಗಿ ಹೇಳುತ್ತೇನೆ. ಅಂದು ಮಾತ್ರ ಅಪ್ಪನ ಕೊರಳಿಗೆ ಜೋತುಬಿದ್ದು ಕುಣಿದಿದ್ದೆ.

ಅಜ್ಜಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಎತ್ತಿ, ಕಂಪ್ಲಿಯಲ್ಲಿ ಮಾಡುತ್ತಿದ್ದಂತೆಯೇ ತೊಟ್ಟಿಯ ನೀರಿಗೆ ಬಿಟ್ಟಳು. ನಾವೆಲ್ಲ ಅಂಚಿಗೆ ಗಲ್ಲ ಊರಿ ಅದು ಈಜುವುದನ್ನು ನೋಡಲು ಕಾದೆವು. ಅದು ಈಜಲಿಲ್ಲ. ಕಾಲುಗಳನ್ನು ಗಾಳಿಯಲ್ಲಿ ನಡೆಯುವವರಂತೆ ಆಡಿಸಿತು, ಓರೆಯಾಯಿತು, ಕಲ್ಲಿನ ಹಾಗೆ ಇಳಿಯಿತು.

"ತಳಕ್ಕ ಹೋತು ನೋಡು, ಹುಳ ಹುಡ್ಕಾಕ," ಎಂದಳು ಅಜ್ಜಿ, ತೃಪ್ತಿಯಿಂದ.

"ಅವ್ವಾ, ಗುಳ್ಳಿ ಬರಾಕತ್ಯಾವ," ಎಂದ ಅಪ್ಪ.

ಅವನು ಅಂಗಿ ಸಮೇತ ತೊಟ್ಟಿಗೆ ಇಳಿದು ಅದನ್ನು ಎತ್ತಿದಾಗ ಕುತ್ತಿಗೆ ಜೋತುಬಿದ್ದಿತ್ತು. ಅಜ್ಜಿ ತಲೆ ಕೆಳಗು ಮಾಡಿ ಹಿಡಿದು, ಕೂಸಿನ ಬೆನ್ನು ತಟ್ಟಿದಂತೆ ಚಿಪ್ಪನ್ನು ತಟ್ಟುತ್ತಾ ಹೋದಳು. ಮೂಗಿನಿಂದ ನೀರು ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಒಂದು ಮುಂಗಾಲು ಅಲುಗಿತು. ಬಾವಿಯಲ್ಲಿರುವ ಆಮೆ ಬೇರೆ, ಒಣ ಗುಡ್ಡದ ಆಮೆ ಬೇರೆ ಎಂಬುದನ್ನು ನೀರಿನ ಊರಿನವರಾದ ನಾವು ಕಲಿತದ್ದು ಹೀಗೆ, ಒಂದು ಜೀವವನ್ನು ಮುಳುಗಿಸಿ ಸಾವಿನ ಅಂಚಿಗೆ ತಂದು. ಬಾವಿಯ ಕತ್ತಲಲ್ಲಿ ವರ್ಷಗಟ್ಟಲೆ ಏಕಾಂಗಿಯಾಗಿ ಸುತ್ತುವ ಹೊಳೆಯ ಆಮೆಗೂ ನಾವು ಮಾಡುತ್ತಿದ್ದದ್ದು ಅನ್ಯಾಯವೇ ಎಂಬುದು ಹೊಳೆಯಲು ಇನ್ನೂ ಕಾಲ ಬೇಕಾಯಿತು.

ಆ ದಿನದಿಂದ ಅದು ಅಜ್ಜಿಯದಾಯಿತು. ಹೆಸರಿಡಲಿಲ್ಲ, "ನಮ್ಮಾಕಿ" ಎಂದಷ್ಟೇ ಕರೆಯುತ್ತಿದ್ದಳು. ಹಿತ್ತಲಿನಲ್ಲಿ ಬಿಟ್ಟರೆ ಹದ್ದು ಒಯ್ದೀತು, ಕಳ್ಳರು ಒಯ್ದಾರು ಎಂದು ಅಡುಗೆಮನೆಯಲ್ಲಿ ಬಿದಿರುಬುಟ್ಟಿ ಮುಚ್ಚಿ ಇಡುತ್ತಿದ್ದಳು. ಬೆಳಗಿನ ಚಹಾದ ಹೊತ್ತಿಗೆ ಬುಟ್ಟಿ ಎತ್ತಿದರೆ ಅದು ಕುತ್ತಿಗೆ ಚಾಚಿ ಅವಳ ಪಾದದ ಕಡೆಗೆ ನಡೆಯುತ್ತಿತ್ತು. ಅಜ್ಜಿ ಹಾಲನ್ನ ಕಲಸಿ ಬೆರಳತುದಿಯಲ್ಲಿ ಕೊಡುವಳು. ಶುಕ್ರವಾರ ಕೊಬ್ಬರಿ ಎಣ್ಣೆ ಹಚ್ಚಿ ಚಿಪ್ಪನ್ನು ಕನ್ನಡಿಯಂತೆ ಹೊಳೆಯಿಸುವಳು. ಆಮೇಲೆ ಅದನ್ನು ಮುಂದೆ ಕೂಡಿಸಿಕೊಂಡು ಅವರೆಕಾಯಿ ಬಿಡಿಸುತ್ತಾ ಊರ ಸುದ್ದಿಯನ್ನೆಲ್ಲ ಹೇಳುವಳು.

"ಕೇಳಿದೇನಲೇ ನಮ್ಮಾಕಿ, ನಿಮ್ಮಪ್ಪ ಇವತ್ತೂ ಅರಿವಿ ತುಂಬ ಮಣ್ಣು ಹೊತ್ಕೊಂಡ್ ಬಂದಾನ. ಸಂಡೂರು ಗುಡ್ಡ ಅರ್ಧ ನಮ್ಮನಿ ಬಚ್ಚಲಾಗ ಐತಿ."

ಅವ್ವ ಒಲೆಯ ಮುಂದಿನಿಂದ ನಗುತ್ತಿದ್ದಳು: "ಅತ್ತಿ, ಸೊಸಿ ಕೂಡ ಇಷ್ಟು ಮಾತಾಡಿಲ್ಲ ನೀವು."

"ಆಕಿ ತಿರುಗಿ ಮಾತಾಡಂಗಿಲ್ಲವಾ. ಅದಕ್ಕ."

ಆ ಬೆಳಗುಗಳ ಸೀಮೆಎಣ್ಣೆ ಸ್ಟೋವಿನ ಸದ್ದು, ಎಳೆ ಅವರೆಯ ಸೊಗಡು, ನೆಲದ ಮೇಲೆ ಆ ನಾಲ್ಕು ಉಗುರುಗಾಲುಗಳ ಟಕಟಕ ಇಂದಿಗೂ ನನ್ನ ಕಿವಿಮೂಗುಗಳಲ್ಲಿವೆ. ನಮ್ಮ ಮನೆ ಅಷ್ಟು ಹಗುರವಾಗಿದ್ದ ಕಾಲ ಇನ್ನೊಂದಿಲ್ಲ. ಆದ್ದರಿಂದಲೇ ಈ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ: ಹಾಲು ತಪ್ಪು, ಅನ್ನ ತಪ್ಪು, ಎಣ್ಣೆ ತಪ್ಪು, ಬುಟ್ಟಿಯ ಕತ್ತಲು ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಗೆಂದು ಅಲ್ಲಿದ್ದ ಪ್ರೀತಿ ಸುಳ್ಳಾಗಿರಲಿಲ್ಲ. ಪ್ರೀತಿಯಿಂದ ಮಾಡಿದ ಕೇಡನ್ನು ಕೇಡೆಂದು ಕರೆಯುವುದು ಎಲ್ಲಕ್ಕಿಂತ ಕಷ್ಟ.

ನಾನು ಓದುತ್ತಿದ್ದದ್ದು ಊರ ಹೊರಗಿನ ಒಂದು ಪುಟ್ಟ ಶಾಲೆಯಲ್ಲಿ. ಅಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕು ಇರಲಿಲ್ಲ. ಕಂಡ ಅನ್ಯಾಯವನ್ನು ಎದ್ದುನಿಂತು ಹೇಳುವುದೇ ಪಾಠವಾಗಿತ್ತು. ಎಂಟನೆಯ ತರಗತಿಯಲ್ಲಿ, ಮೊದಲ ಮಳೆ ಬಿದ್ದ ಮೇಲೆ, ನಮ್ಮನ್ನು ಹಂಪಿಗೆ ಕರೆದೊಯ್ದರು. ಗುಡಿಗಳ ಜನಜಂಗುಳಿಯಿಂದ ದೂರ, ಬಂಡೆಗಳ ನಡುವೆ ಚಿಗುರಿದ್ದ ಹುಲ್ಲಿನಲ್ಲಿ ನನಗೆ ಇನ್ನೊಂದು ನಕ್ಷತ್ರ ಆಮೆ ಕಾಣಿಸಿತು. ಅದು ದೇಹವನ್ನು ನೆಲದಿಂದ ಮೇಲೆತ್ತಿ, ಕಾಲುಗಳನ್ನು ಕಂಬದಂತೆ ಊರಿ, ಗರಿಕೆಯನ್ನು ಕಚ್ಚಿ ಎಳೆಯುತ್ತಾ ನಡೆಯುತ್ತಿತ್ತು. ಹೊಟ್ಟೆ ನೆಲಕ್ಕೆ ತಾಗುತ್ತಿರಲಿಲ್ಲ. ನಮ್ಮಾಕಿಯ ಹೊಟ್ಟೆ ಸದಾ ನೆಲ ಒರೆಸುತ್ತಿತ್ತು; ಹಿಂಗಾಲುಗಳು ಎಳೆದುಕೊಂಡು ಬರುತ್ತಿದ್ದವು; ಚಿಪ್ಪಿನ ಅಂಚನ್ನು ಒತ್ತಿದರೆ ತುಸು ತಗ್ಗುತ್ತಿತ್ತು. ನಾವು ಅದನ್ನು ವಯಸ್ಸಿನ ಸೋಮಾರಿತನವೆಂದು ತಿಳಿದಿದ್ದೆವು.

ಮನೆಗೆ ಬಂದು ಹಟ ಹಿಡಿದು, ದನಗಳಿಗೆ ಮದ್ದು ಕೊಡುತ್ತಿದ್ದ ಪಶುವೈದ್ಯೆಯೊಬ್ಬರ ಬಳಿಗೆ ಅಜ್ಜಿಯನ್ನೂ ಆಮೆಯನ್ನೂ ಕರೆದುಕೊಂಡು ಹೋದೆ. ಅವರು ಚಿಪ್ಪನ್ನು ಒತ್ತಿ, ಹಿಂಗಾಲುಗಳನ್ನು ಎಳೆದು ನೋಡಿದರು.

"ಏನ್ ಹಾಕ್ತೀರಮ್ಮ ಇದಕ್ಕ?"

"ಹಾಲನ್ನ ಹಾಕ್ತೀನ್ರಿ. ನನ್ನ ಮೊಮ್ಮಗಳಿಗಿಂತ ಚೊಲೋ ನೋಡ್ಕೊಂಡೀನಿ."

"ಬಿಸಿಲಿಗೆ ಬಿಡ್ತೀರೇನು?"

"ಬಿಸಿಲಿಗ್ಯಾಕ್ರಿ ಪಾಪ, ಸುಡ್ತೈತಿ."

ವೈದ್ಯೆ ಬೈಯಲಿಲ್ಲ. ಬಿಸಿಲಿಲ್ಲದೆ ಎಲುಬೂ ಚಿಪ್ಪೂ ಮೆತ್ತಗಾಗಿವೆ, ಹೀಗೇ ಬಿಟ್ಟರೆ ಕಾಲು ಪೂರ್ತಿ ಹೋಗುತ್ತದೆ, ಆಮೇಲೆ ಉಳಿಯುವುದಿಲ್ಲ ಎಂದು ತಿಳಿಯ ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು: ಇದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಕಾನೂನಿನ ಪ್ರಕಾರ ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸಬೇಕು, ಅಲ್ಲಿ ಬಲ್ಲವರು ನೋಡಿಕೊಳ್ಳುತ್ತಾರೆ. ಒಪ್ಪಿಸುವ ತನಕವಾದರೂ ಹೀಗೆ ಮಾಡಿ ಎಂದು ಒಂದು ಚೀಟಿ ಬರೆದುಕೊಟ್ಟರು.

ಆ ಚೀಟಿಯಂತೆ ಅಪ್ಪ ಲಾರಿಯ ಹಳೆಯ ಬಾಡಿಹಲಗೆಗಳಿಂದ ಹಿತ್ತಲಿನಲ್ಲಿ ದೊಡ್ಡಿ ಕಟ್ಟಿದ. ಅಗೆದು ಹೊರಬರದಂತೆ ಹಲಗೆಗಳನ್ನು ಮೊಳದಷ್ಟು ನೆಲಕ್ಕೆ ಹೂತ. ಮೇಲೆ ಜಾಲರಿ ಹೊದಿಸಿದ. ಒಣ ಮಣ್ಣು, ಒಂದು ಮೂಲೆಯಲ್ಲಿ ಹೆಂಚಿನ ನೆರಳು, ಗಲ್ಲ ಮುಳುಗದಷ್ಟು ನೀರಿನ ತಟ್ಟೆ. ನಾನು ಗರಿಕೆ, ದಾಸವಾಳದ ಎಲೆ, ಸಿಪ್ಪೆ ತೆಗೆದ ಪಾಪಸುಕಳ್ಳಿ ತರುತ್ತಿದ್ದೆ. ವೈದ್ಯೆ ಕೊಟ್ಟ ಸುಣ್ಣದ ಅಂಶದ ಪುಡಿಯನ್ನು ಅದರ ಮೇಲೆ ಉದುರಿಸುತ್ತಿದ್ದೆ. ಅಜ್ಜಿ ದೊಡ್ಡಿಯ ಹೊರಗೆ ಮಣೆ ಹಾಕಿಕೊಂಡು ಕುಳಿತು ನೋಡುತ್ತಿದ್ದಳು. ಕೆಲವು ವಾರಗಳಲ್ಲಿ ಅದು ತುಸು ಮೇಲೆದ್ದು ನಡೆಯಿತು. ಅಜ್ಜಿಗೆ ಅಷ್ಟೇ ಸಾಕಾಯಿತು.

"ಆರಾಮಾತಲ್ಲ? ಇನ್ಯಾಕ ಕೊಡೂದು?"

"ಅಜ್ಜಿ, ಅದು ನಮ್ಮದಲ್ಲ. ಕಾನೂನು ಐತಿ."

"ನೀರಾಗ ಸಾಯ್ತಿತ್ತಲ್ಲ, ಅವತ್ತ ನಿನ್ನ ಕಾನೂನು ಬಂದು ಎತ್ತಿತೇನಲೇ?"

"ನೀರಿಗೆ ಹಾಕಿದಾಕಿ ನೀನ!"

ಅಜ್ಜಿಯ ಮುಖ ಸಪ್ಪಗಾಯಿತು. ನಾನು ನಿಲ್ಲಿಸಲಿಲ್ಲ. ಹಾಲನ್ನ, ಎಣ್ಣೆ, ಬುಟ್ಟಿ, ಒಂದನ್ನೂ ಬಿಡದೆ ಅವಳ ಎದುರು ಎಣಿಸಿದೆ. ಅಪ್ಪ ನನ್ನನ್ನು ತಡೆಯುವ ಬದಲು, "ಕೊಟ್ರ ಕೇಸ್ ಹಾಕ್ತಾರ, ಕೊಡದಿದ್ರ ಈಕಿ ಹಾಕ್ತಾಳ. ಮನ್ಯಾಗ ಪೊಲೀಸ್ ಸ್ಟೇಷನ್ ಹಡದೀನಿ," ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅಜ್ಜಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅವಳಿಗೆ ಆ ಊರಿನಲ್ಲಿ ಬೇರೆ ಗೆಳತಿಯರಿರಲಿಲ್ಲ. ಅದನ್ನು ನಾನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನ ನಾನೊಂದು ಮಾತು ಹೇಳಿದೆ. "ಅಜ್ಜಿ, ಅವರು ಅದನ್ನ ತಿರುಗಿ ಗುಡ್ಡಕ್ಕ ಬಿಡ್ತಾರ. ಹಂಪ್ಯಾಗ ನಾ ನೋಡಿದ್ನಲ್ಲ, ಅದರ ಕೂಡ ಹುಲ್ಲು ತಿಂದ್ಕೊಂತ ಅಡ್ಡಾಡ್ತೈತಿ."

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಅವಳು ಒಪ್ಪುತ್ತಾಳೆಂಬುದಷ್ಟೇ ಗೊತ್ತಿತ್ತು. ಅಜ್ಜಿ ದೊಡ್ಡಿಯ ಕಡೆ ತಿರುಗಿದಳು.

"ಗುಡ್ಡಕ್ಕ ಬಿಡ್ತಾರಂದ್ರ ಆಗ್ಲಿ. ಆಕಿ ತವರುಮನಿ ಅದು. ನಾ ಹೆಂಗ ಬ್ಯಾಡನ್ಲಿ?"

ಹೊರಡುವ ಬೆಳಗ್ಗೆ ನಾವು ಯಾರೂ ನೋಡದಾಗ ಅಜ್ಜಿ ಅದಕ್ಕೆ ಮತ್ತೆ ಅರಿಷಿಣ ಕುಂಕುಮ ಹಚ್ಚಿದ್ದಳು. ಅರಣ್ಯ ಇಲಾಖೆಯ ಕಚೇರಿಯಲ್ಲಿ, ಎಲ್ಲಿ ಸಿಕ್ಕಿತು ಎಂದು ಅಧಿಕಾರಿ ಕೇಳಿದಾಗ ಅಪ್ಪ ತಲೆ ತಗ್ಗಿಸಿ, "ದಾರ್ಯಾಗ ಸಿಕ್ತ್ರಿ ಸಾರ್, ಇವತ್ತ ಮುಂಜಾನಿ," ಎಂದ.

ಅಧಿಕಾರಿ ಬುಟ್ಟಿಯೊಳಗೆ ಬಗ್ಗಿ ನೋಡಿದರು. "ದಾರ್ಯಾಗ ಸಿಕ್ಕಿದ್ದಕ್ಕ ಅರಿಷಿಣ ಕುಂಕುಮ ಯಾರು ಹಚ್ಚಿದ್ರಪ್ಪ? ಲಾರಿಯವ್ರೇನು?"

ಅಜ್ಜಿ ಮುಂದೆ ಬಂದಳು. "ನಾನ ಹಚ್ಚೀನ್ರಿ. ಕೊಂಡು ತಂದೀವಿ, ಎರಡು ವರ್ಷ ಸಾಕೀವಿ. ಹಾಲನ್ನ ಹಾಕಿ ಕಾಲು ಕಳದಾಕೀನೂ ನಾನ. ಬರಕೋರಿ."

ಅವರು ಎಲ್ಲವನ್ನೂ ಬರೆದುಕೊಂಡರು. ತಾವಾಗಿ ತಂದೊಪ್ಪಿಸಿದ್ದಾರೆ ಎಂಬುದನ್ನೂ ಬರೆದರು. ಇನ್ನೊಮ್ಮೆ ಕೊಂಡರೆ ಬಿಡುವುದಿಲ್ಲವೆಂದು ಅಪ್ಪನಿಗೆ ಬಿರುಸಾಗಿಯೇ ಎಚ್ಚರಿಕೆ ಕೊಟ್ಟರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದಳು:

"ಯಾವ ಗುಡ್ಡಕ್ಕ ಬಿಡ್ತೀರ್ರಿ?"

"ಗುಡ್ಡಕ್ಕ ಬಿಡಾಕ ಬರಂಗಿಲ್ಲಮ್ಮ. ಇದು ಮಂದಿ ಕೈಯಾಗ ತಿಂದು ಬೆಳದೈತಿ, ಕಾಲು ಬ್ಯಾರೆ ಸೋತಾವ. ಯಾವ ಗುಡ್ಡದ್ದಂತನೂ ಗೊತ್ತಿಲ್ಲ. ಇದರ ರೋಗ ಅಲ್ಲಿರೋವಕ್ಕೂ ಹತ್ತಬಹುದು. ಬೇಲಿ ಹಾಕಿದ ಜಾಗದಾಗ ಇಡ್ತೀವಿ, ಇಂಥವೇ ಇನ್ನೂ ಅದಾವ."

ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಸಹಿಸಬಹುದಿತ್ತು. ಆಮೇಲೆ ಅಧಿಕಾರಿಯ ಕಡೆಗೆ ತಿರುಗಿ, ಅಲ್ಲಿ ಬಿಸಿಲು ಬೀಳುತ್ತದೆಯೇ, ನೆಲ ಒಣಗಿರುತ್ತದೆಯೇ, ನೀರಿನ ತಟ್ಟೆ ಎಷ್ಟು ಆಳ ಎಂದು ಒಂದೊಂದಾಗಿ ಕೇಳಿದಳು. "ಅನ್ನ ಹಾಕಬ್ಯಾಡ್ರಿ ಮತ್ತ. ಬೇಡಿಕೋತ ಕಾಲಿಗೆ ಬರ್ತಾಳ, ಮರುಳಾಗಬ್ಯಾಡ್ರಿ," ಎಂದು ಬುಟ್ಟಿಯನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ನಡೆದಳು.

ಮರಳುವಾಗ ಆಟೋದಲ್ಲಿ ಅವಳ ಕೈಗಳಿಗೆ ಕೆಲಸವಿರಲಿಲ್ಲ. ಒಂದನ್ನು ಹಿಡಿದುಕೊಂಡೆ.

"ತಪ್ಪಾತಜ್ಜಿ. ನನಗ ಗೊತ್ತಿದ್ದಿಲ್ಲ, ಸುಮ್ನ ಹೇಳಿದೆ."

"ಅನ್ಕೊಂಡೆ. ಖರೇ ಹೇಳಿದ್ರ ನಾ ಕೊಡ್ತಿದ್ದಿಲ್ಲ. ಕೊಡದಿದ್ರ ಆಕಿ ಸಾಯ್ತಿದ್ಲು. ಹೌದಿಲ್ಲೋ?"

"ಹೌದು."

"ಆದ್ರೂ ಹಂಗ ಹೇಳಬಾರದಿತ್ತವಾ. ನಾ ಆಕಿನ್ನ ಗುಡ್ಡಕ್ಕ ಕಳಿಸೀನಂತ ಬುಟ್ಟಿ ಹೊತ್ಕೊಂಡ್ ಬಂದಿದ್ದೆ. ಇನ್ನೊಬ್ಬರಿಗೆ ಹೇಳಾಕ ಹೋದ್ರ ಇದ್ದದ್ದು ಇದ್ದಂಗ ಹೇಳು. ಕೊಡದಿದ್ರ ಮತ್ತ ಹೋಗು, ಮತ್ತ ಹೇಳು. ಕಾಲು ನೋಯ್ತಾವೇನು ನಿನಗ?"

ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾದವು. ಹೊಸಪೇಟೆ, ಸಂಡೂರು, ಪಾಪಿನಾಯಕನಹಳ್ಳಿಗಳ ಓಣಿಗಳಲ್ಲಿ ಆಮೆ ಸಾಕಿರುವ ಮನೆಗಳಿಗೆ ನಾನು ಇಂದು ಹೋಗುತ್ತೇನೆ. ಅದೃಷ್ಟಕ್ಕೆಂದು ಮನೆಯ ಉತ್ತರ ದಿಕ್ಕಿನಲ್ಲಿ ಇಟ್ಟವರು, ಮಕ್ಕಳು ಅತ್ತರೆಂದು ತಂದವರು, ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ನಾಣ್ಯದಷ್ಟಗಲದ ವಿದೇಶಿ ಆಮೆಯನ್ನು ಕೊಂಡು, ಅದು ಊಟದ ತಟ್ಟೆಯಷ್ಟಾದಾಗ ಕಾಲುವೆಗೆ ಎಸೆಯಲು ಯೋಚಿಸುತ್ತಿರುವವರು, ಎಲ್ಲರೂ ಸಿಗುತ್ತಾರೆ. ನಮ್ಮ ನಾಡಿನ ಆಮೆಯನ್ನು ಕೊಳ್ಳಲೇಬೇಡಿ ಎನ್ನುತ್ತೇನೆ. ಹೊರಗಿನದಾದರೆ ಕಾಗದಪತ್ರ ಕೇಳಿ. ನಿಮ್ಮ ಮಕ್ಕಳು ದೊಡ್ಡವರಾಗುವ ತನಕ ಅದನ್ನು ನೋಡಿಕೊಳ್ಳಲು ಬಿಸಿಲೂ ಜಾಗವೂ ಇವೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲದಿದ್ದರೆ ಬೇಡ ಎನ್ನುತ್ತೇನೆ. ಮನೆಯಲ್ಲಿ ಈಗಾಗಲೇ ನಕ್ಷತ್ರ ಆಮೆ ಇದ್ದರೆ ಒಪ್ಪಿಸಿಬಿಡಿ ಎನ್ನುತ್ತೇನೆ.

ಆಗ ಅವರು ತಪ್ಪದೆ ಕೇಳುತ್ತಾರೆ: "ಗುಡ್ಡಕ್ಕ ಬಿಡ್ತಾರೇನ್ರಿ?"

"ಬಿಡದೆಯೂ ಇರಬಹುದ್ರಿ," ಎನ್ನುತ್ತೇನೆ.

ಕೆಲವರು ಆಮೆಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಮುಂದಿನ ವಾರ ಮತ್ತೆ ಹೋಗುತ್ತೇನೆ.