ಕೊಸರು ಬೇಡವೆಂದ ಭಾನುವಾರ

ನನ್ನ ಗೆಳತಿ ಸೆಲ್ವಿ ಸಂತೆಯಿಂದ ತರಕಾರಿ ಇಲ್ಲದೆ ಬಂದಾಳು, ಕೊಸರು ಇಲ್ಲದೆ ಬರಲಾರಳು. ಕಾಲು ಕಿಲೋ ಬೀನ್ಸ್ ಕೊಂಡರೂ ಸರಿಯೆ, ತಕ್ಕಡಿ ನಿಂತ ಮೇಲೆಯೇ ಅವಳ ನಿಜವಾದ ವ್ಯಾಪಾರ ಶುರುವಾಗುವುದು. ಬಾಯಿಬಿಟ್ಟು ಕೇಳುವುದು ಆಮೇಲಿನ ಮಾತು. ಮೊದಲು ತಕ್ಕಡಿಯ ತಟ್ಟೆಯನ್ನೇ ನೋಡುತ್ತ ನಿಲ್ಲುತ್ತಾಳೆ. ತ್ಯಾವರೆಕೊಪ್ಪದ ಸಫಾರಿಯ ಹುಲಿ ಊಟದ ಗಾಡಿಯ ದಾರಿ ನೋಡುವುದೂ ಹೀಗೆಯೇ ಇರಬೇಕು. ಆ ನೋಟ ತಾಳಲಾರದೆ ಮಾರುವವರು ಇನ್ನೊಂದಿಷ್ಟು ಕಾಯಿ ಎತ್ತಿ ಹಾಕಿಬಿಡುತ್ತಾರೆ.

ಸೆಲ್ವಿ ಭದ್ರಾವತಿಯವಳು. ನ್ಯೂಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕೂತವಳು ಇಂದಿಗೂ ಪಕ್ಕ ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ವಿನೋಬನಗರದ ನಮ್ಮ ಮನೆಯಲ್ಲಿ ಕಾಫಿ ಕುಡಿದು, ನನ್ನನ್ನೂ ಎಳೆದುಕೊಂಡು ರೈತರ ಸಂತೆಗೆ ಹೊರಡುತ್ತಾಳೆ. ಭದ್ರಾವತಿಯಲ್ಲಿ ಸಂತೆಯಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅಲ್ಲಿಯವರಿಗೆ ತನ್ನ ಪರಿಚಯ ಹೆಚ್ಚಾಗಿಬಿಟ್ಟಿದೆ, ದೂರದಲ್ಲಿ ಕಂಡ ಕೂಡಲೇ ಕೊತ್ತಂಬರಿಯನ್ನು ಗೋಣಿಯ ಕೆಳಗೆ ತಳ್ಳುತ್ತಾರೆ ಎಂದು ಒಪ್ಪಿಕೊಂಡಳು.

ನಾನಾದರೋ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತಳಾದವಳು. ಬೇಡಿಕೆಯ ಗೆರೆ ಒಂದು ಕಡೆಯಿಂದ, ಪೂರೈಕೆಯ ಗೆರೆ ಇನ್ನೊಂದು ಕಡೆಯಿಂದ ಬಂದು ಸಂಧಿಸುವ ಬಿಂದುವೇ ಬೆಲೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬಲಭುಜ ಹಿಡಿದುಕೊಂಡಿದೆ. ಆ ಬಿಂದುವಿನಾಚೆ ಒಂದು ಹಿಡಿ ಕರಿಬೇವು ಇರುತ್ತದೆಂದು ಯಾವ ಪಠ್ಯಪುಸ್ತಕವೂ ನನಗೆ ತಿಳಿಸಿರಲಿಲ್ಲ. ಹೂವಾಡಗಿತ್ತಿ ಮೊಳ ಹಾಕುವಾಗ ಮೊದಲು ಮೊಣಕೈಯನ್ನು ಬಗ್ಗಿಸಿ ನಮಗೆ ಮೋಸ ಮಾಡುತ್ತಾಳೆ, ಕೊನೆಗೆ ಕತ್ತರಿಸುವ ಮುಂಚೆ ನಾಲ್ಕು ಬೆರಳು ಬಿಟ್ಟು ಉಪಕಾರ ಮಾಡುತ್ತಾಳೆ. ಇದರಲ್ಲಿ ಲಾಭ ಯಾರಿಗೆ ಎಂದು ಲೆಕ್ಕ ಹಾಕಹೊರಟರೆ ಹೂವು ಬಾಡುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ.

ಹೀಗಿರುವಾಗ, ಕಳೆದ ಬೇಸಿಗೆಯ ಆರಂಭದಲ್ಲಿ ನನಗೆ ಜ್ಞಾನೋದಯವಾಯಿತು. ಬಿಸಿಲಲ್ಲಿ ಬೆಳೆದು, ನಸುಕಿಗೆ ಎದ್ದು ಹೊತ್ತು ತಂದವರ ಹತ್ತಿರ ನಾವು ಪುಕ್ಕಟೆ ಸೊಪ್ಪು ಕೀಳುವುದು ಅನ್ಯಾಯ ಅನಿಸಿತು. ಇನ್ನು ಚೌಕಾಸಿ ಇಲ್ಲ, ಕೊಸರೂ ಇಲ್ಲ ಎಂದು ಪ್ರತಿಜ್ಞೆ ಮಾಡಿದೆ. ನಿವೃತ್ತರಿಗೆ ಜ್ಞಾನೋದಯವಾದರೆ ಮೊದಲು ಏಟು ಬೀಳುವುದು ಅಕ್ಕಪಕ್ಕದವರಿಗೆ. ನನ್ನ ವಿಷಯದಲ್ಲಿ ಬಿದ್ದದ್ದು ರುದ್ರಮ್ಮನಿಗೆ.

ರುದ್ರಮ್ಮ ಹೊಸನಗರದ ಕಡೆಯ ಹಳ್ಳಿಯವಳು. ವರ್ಷವಿಡೀ ಸೊಪ್ಪು, ಸೌತೆ, ಬಾಳೆಕಾಯಿ ತರುತ್ತಾಳೆ; ಬೇಸಿಗೆಯ ಒಂದೆರಡು ಭಾನುವಾರ ಮಾತ್ರ ಮಾವಿನ ಮಿಡಿ. ಮಿಡಿಯ ವಿಷಯ ನಿಮಗೆ ಗೊತ್ತಿರಬಹುದು. ಮರ ಹತ್ತಿ ತೊಟ್ಟು ಮುರಿಯದಂತೆ ಕೊಯ್ದದ್ದಾದರೆ ಉಪ್ಪಿನಕಾಯಿ ವರ್ಷ ಕಳೆದರೂ ಕರುಂ ಎನ್ನುತ್ತದೆ. ಉದುರಿದ್ದನ್ನು ನಾಲ್ಕು ಬೆರೆಸಿದರೆ ಇಡೀ ಜಾಡಿ ಮೆತ್ತಗಾಗುತ್ತದೆ. ಆದ್ದರಿಂದ ಮಿಡಿಯನ್ನು ಗುರುತಿಲ್ಲದವರ ಹತ್ತಿರ ಕೊಳ್ಳುವವರಿಲ್ಲ. ರುದ್ರಮ್ಮ ಪ್ರತಿವರ್ಷ ನನ್ನ ಪಾಲನ್ನು ಒದ್ದೆ ಗೋಣಿಯ ಕೆಳಗೆ ತೆಗೆದಿಟ್ಟು, "ಅಕ್ಕ, ನಿಮ್ದು ಇಲ್ಲೈತೆ" ಎನ್ನುತ್ತಿದ್ದಳು. ಅದು ನಮ್ಮ ಮನೆಯ ಜಾಡಿಗೆ ಹೋಗಿ, ಅರ್ಧ ಜಾಡಿ ಭದ್ರಾವತಿಗೆ ಹೋಗುತ್ತಿತ್ತು. ಸೆಲ್ವಿಗೆ ಉಪ್ಪಿನಕಾಯಿ ತಿನ್ನುವುದರಲ್ಲಿರುವ ನೈಪುಣ್ಯ ಹಾಕುವುದರಲ್ಲಿ ಇಲ್ಲ.

ಆ ಭಾನುವಾರ ಇನ್ನೂ ಮಿಡಿ ಬಂದಿರಲಿಲ್ಲ. ನಾನು ಬಸಳೆ ಕೊಂಡೆ. ರುದ್ರಮ್ಮ ಎಂದಿನಂತೆ ಒಂದು ಹಿಡಿ ಕೊತ್ತಂಬರಿ ಎತ್ತಿ ನನ್ನ ಚೀಲದ ಕಡೆ ಕೈ ಚಾಚಿದಳು. ನಾನು ಚೀಲದ ಬಾಯಿಗೆ ಅಂಗೈ ಅಡ್ಡ ಹಿಡಿದು, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ, "ಬೇಡಮ್ಮ, ನಿಮಗೆ ನಷ್ಟ ಆಗತ್ತೆ, ಇಟ್ಕೊಳ್ಳಿ" ಎಂದೆ. ಅವಳ ಕೈ ಅಲ್ಲೇ ನಿಂತಿತು. ಸೊಪ್ಪು ವಾಪಸು ರಾಶಿಗೆ ಹೋಯಿತು. ನಾನು ಒಳ್ಳೆಯ ಕೆಲಸ ಮಾಡಿದವಳ ಬೀಗುವಿಕೆಯಿಂದ ಮುಂದೆ ನಡೆದೆ.

ಸೆಲ್ವಿ ಸಂತೆಯ ಕೊನೆಯವರೆಗೂ ಮಾತಾಡಲಿಲ್ಲ. ಅವಳು ಸುಮ್ಮನಿದ್ದಾಳೆಂದರೆ ಜ್ವರವೋ ಏನೋ ಎಂದು ಹಣೆ ಮುಟ್ಟಿ ನೋಡಬೇಕು. ಕೊನೆಗೆ ಚೀಲವನ್ನು ಕೆಳಗಿಟ್ಟು, "ಏನ್ ಮಾಡ್ದೆ ಗೊತ್ತಾ ಮಾರಾಯ್ತಿ? ಇನ್ಮೇಲೆ ನಿನ್ ಹತ್ರ ಬರಲ್ಲ ಅಂತ ಅವಳ ಮುಖದ ಮೇಲೇ ಹೇಳಿ ಬಂದೆ" ಎಂದಳು. ನಾನು ನಕ್ಕೆ. ಅರ್ಥಶಾಸ್ತ್ರ ಕಲಿತವರು ಇಂಥ ಕಡೆಗಳಲ್ಲಿ ಧಾರಾಳವಾಗಿ ನಗುತ್ತಾರೆ.

ಮುಂದಿನ ಭಾನುವಾರ ಸಂತೆಯ ತಿರುವಿನಲ್ಲೇ ಮಿಡಿಯ ಸೊನೆಯ ವಾಸನೆ ಮೂಗಿಗೆ ಬಡಿಯಿತು. ಓಡೋಡಿ ಹೋದೆ. ರುದ್ರಮ್ಮ ತಲೆ ಎತ್ತಿ, ಬಹಳ ಮರ್ಯಾದೆಯಿಂದ, "ಎಲ್ಲ ಬೇರೇರು ಹೇಳಿಟ್ಟಿದಾರೆ ಮೇಡಂ" ಎಂದಳು. ಹುಡುಗರು ಮೇಡಂ ಎಂದು ಕರೆದಾಗ ಹಿಗ್ಗುತ್ತಿದ್ದವಳಿಗೆ ಅಕ್ಕನ ಹುದ್ದೆಯಿಂದ ಮೇಡಮ್ಮಿಗೆ ಇಳಿಯುವುದು ಎಂಥ ಹಿಂಬಡ್ತಿ ಎಂದು ಆವತ್ತು ತಿಳಿಯಿತು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಬೇಡಿಕೆ ಹೆಚ್ಚಿದಾಗ ಏನು ಮಾಡಬೇಕೆಂದು ನನಗೆ ಬಾಯಿಪಾಠವಿತ್ತು. ಬೇಕಾದರೆ ಹೆಚ್ಚಿಗೆ ಕೊಡುತ್ತೇನೆ ಎಂದೆ. ರುದ್ರಮ್ಮ ಪಕ್ಕದ ಗಿರಾಕಿಯ ಕಡೆ ತಿರುಗಿದಳು. ಸೆಲ್ವಿ "ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದು ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಆ ವಾರವೆಲ್ಲ ಖಾಲಿ ಜಾಡಿ ನೋಡುತ್ತ ಯೋಚಿಸಿದೆ. ನಾವು ಮದುವೆಯ ಮುಯ್ಯಿಗೆ ನೂರರ ಮೇಲೆ ಒಂದು ರೂಪಾಯಿ ಯಾಕೆ ಇಡುತ್ತೇವೆ? ನೂರು ಕೊಟ್ಟರೆ ಲೆಕ್ಕ ಮುಗಿಯಿತು; ಆ ಒಂದು, ಮುಗಿದಿಲ್ಲ ಎನ್ನುವುದಕ್ಕೆ. ಯಾರ ಮನೆಯಿಂದ ಎದ್ದರೂ ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು ಎಂದು ನಮ್ಮಜ್ಜಿ ತಲೆಗೆ ಮೊಟಕಿ ಕಲಿಸಿದ್ದಳು. ಕೊಸರು ಎಂದರೆ ಸಂತೆಯಲ್ಲಿ ಮಾರುವವರು ಕೊಳ್ಳುವವರಿಗೆ ಹೇಳುವ ಹೋಗಿಬನ್ನಿ ಅಲ್ಲವೇ? ನಾನು ಆ ಹೋಗಿಬನ್ನಿಯನ್ನು ಅಂಗೈ ಅಡ್ಡ ಹಿಡಿದು ತಡೆದಿದ್ದೆ. ಇಷ್ಟನ್ನು ನಾನು ಫೋನಿನಲ್ಲಿ ಬಹಳ ಹೊತ್ತು ವಿವರಿಸಿದೆ. ಸೆಲ್ವಿ ಆಕಳಿಸಿ, ತತ್ವ ಸಾಕು, ಬರುವ ಭಾನುವಾರ ಹೋಗಿ ಬಾಯಿಬಿಟ್ಟು ಕೊಸರು ಕೇಳು ಎಂದಳು.

ಕೇಳುವುದು ಅಷ್ಟು ಸುಲಭವೇ? ಜೀವಮಾನದಲ್ಲಿ ನಾನು ಕೇಳಿದವಳಲ್ಲ. ತಾವಾಗಿ ಕೊಟ್ಟದ್ದನ್ನು ದೊಡ್ಡ ಮನಸ್ಸಿನಿಂದ ತೆಗೆದುಕೊಂಡವಳು. ಆ ಭಾನುವಾರ ಹರಿವೆ ಸೊಪ್ಪಿನ ಎರಡು ಕಟ್ಟು ಕೊಂಡು, ದುಡ್ಡು ಕೊಟ್ಟು, ಅಲ್ಲೇ ನಿಂತೆ. ಹಿಂದಿನವರು ಮುಂದೆ ಹೋಗಿ ಎಂದರು. ಮೌಖಿಕ ಪರೀಕ್ಷೆಗೆ ಬಂದ ಹುಡುಗಿಯರ ಕಷ್ಟ ಮೊದಲ ಬಾರಿಗೆ ಅರ್ಥವಾಗಿ, ಅವರಿಗೆಲ್ಲ ಕೈ ಬಿಚ್ಚಿ ಅಂಕ ಕೊಡಬೇಕಿತ್ತು ಅನಿಸಿತು.

"ಕೊಸರು ಹಾಕಲ್ವಾ ರುದ್ರಮ್ಮ?" ಎಂದೆ.

ಅವಳು ನನ್ನನ್ನು ನೋಡಿದಳು. "ಬ್ಯಾಡ ಅಂದ್ರಲ್ಲ?"

"ಅವತ್ತು ಬುದ್ಧಿ ಇರ್ಲಿಲ್ಲ."

"ನಷ್ಟ ಆಗತ್ತೆ ಅಂದ್ರಿ. ಮನೇಗೆ ಹೋಗೋವರೆಗೂ ಅದೇ ಮಾತು. ಒಂದು ಹಿಡಿ ಸೊಪ್ಪು ಕೊಟ್ರೆ ಮುಳುಗಿ ಹೋಗೋಳಂಗೆ ಕಾಣ್ತೀನಾ ನಾನು?"

ನನಗೆ ನಿಜವಾಗಿ ನಾಚಿಕೆಯಾಯಿತು. ಅವಳ ಬಡತನದ ಬಗ್ಗೆ ಮರುಗುವ ಉತ್ಸಾಹದಲ್ಲಿ ಅವಳ ಕೈಯಿಂದ ಕೊಡುವ ದೊಡ್ಡಸ್ತಿಕೆಯನ್ನೇ ಕಿತ್ತುಕೊಂಡಿದ್ದೆ. ಇಲ್ಲ ಎಂದು ತಲೆಯಾಡಿಸಿದೆ. ರುದ್ರಮ್ಮ ರಾಶಿಯಿಂದ ಕೊತ್ತಂಬರಿ ಎತ್ತಿ, ಅದರ ಮೇಲೆ ಎರಡು ನಿಂಬೆಹಣ್ಣು ಇಟ್ಟು ಚೀಲಕ್ಕೆ ತುರುಕಿದಳು. ನನ್ನ ಕಣ್ಣು ಗೋಣಿಯ ಕಡೆ ಹೋದದ್ದು ಅವಳಿಗೆ ಕಂಡಿತು.

"ಮಿಡಿ ಮುಗೀತು ಅಕ್ಕ, ಕೊನೇದು ಹೋದ ವಾರಾನೇ ಆಯ್ತು," ಎಂದಳು. "ಬರೋ ವರ್ಷ ನಿಮ್ದು ಇಟ್ಟಿರ್ತೀನಿ. ಬರಬೇಕು."

ಬಸ್‌ಸ್ಟಾಪಿನವರೆಗೂ ಸೆಲ್ವಿ ಎರಡೂ ಭಾಷೆಗಳಲ್ಲಿ ಬೈದಳು. ನನ್ನ ಆದರ್ಶಕ್ಕೆ ಅವಳ ಅರ್ಧ ಜಾಡಿ ಬಲಿಯಾಗಿತ್ತು. ಬೈಯುವ ಹಕ್ಕು ಅವಳದು. ಉಪ್ಪಿನಕಾಯಿ ಇಲ್ಲದೆ ಒಂದು ವರ್ಷ ಮೊಸರನ್ನ ತಿನ್ನುವುದು ಸಣ್ಣ ಶಿಕ್ಷೆಯಲ್ಲ, ಈಗಲೂ ಅನುಭವಿಸುತ್ತಿದ್ದೇನೆ. ಆದರೂ ಊಟಕ್ಕೆ ಕೂತಾಗ ಯಾಕೋ ಖುಷಿಯೇ ಆಗುತ್ತದೆ. ನನ್ನ ವಯಸ್ಸಿನವರಿಗೆ ಬರುವ ವರ್ಷದ ಬಗ್ಗೆ ಇಷ್ಟು ಖಾತ್ರಿಯಾಗಿ ಮಾತು ಕೊಡುವವರು ಯಾರಿದ್ದಾರೆ ಹೇಳಿ? ನಮ್ಮ ಡಾಕ್ಟರು ಕೂಡ ಮೂರು ತಿಂಗಳಿಗಿಂತ ಹೆಚ್ಚಿಗೆ ಏನನ್ನೂ ಬರೆದುಕೊಡುವುದಿಲ್ಲ.